ಕುಡಿತವನ್ನು ಇದ್ದ ಹಾಗೇ ತೋರಿಸಿದ ಪತ್ತೇದಾರಿ ಸಿನಿಮಾ ಇದ್ದರೆ ಹೇಳಿ

ಕೆಂಪುಹಂಚು:

ಎಲ್ಲರಿಗೂ ನಮಸ್ಕಾರ. ನಾನು ಕುಡಿಯುವುದನ್ನು ಬಿಟ್ಟು ಮೂರು ವರ್ಷ ನಾಲ್ಕು ತಿಂಗಳಾಯಿತು. ಈಗಲೂ ಕಷ್ಟವಾಗುವುದು ಸಂಜೆ ಏಳರಿಂದ ಹತ್ತರ ತನಕ. ಮೊದಲೆಲ್ಲ ಆ ಹೊತ್ತಿಗೆ ಬಾರ್‌ನಲ್ಲಿ ಕೂತಿರುತ್ತಿದ್ದೆ. ಈಗ ಊಟ ಮುಗಿಸಿ, ಮಗಳನ್ನು ಓದಲು ಕೂರಿಸಿ, ಸಿನಿಮಾ ಹಾಕಿಕೊಳ್ಳುತ್ತೇನೆ. ಪತ್ತೇದಾರಿ ಸಿನಿಮಾ ಅಂದರೆ ಚಿಕ್ಕಂದಿನಿಂದಲೂ ಪ್ರಾಣ. ಕೊಲೆ ಮಾಡಿದ್ದು ಯಾರು ಅಂತ ತಲೆ ಓಡುತ್ತಿದ್ದರೆ ಬೇರೆ ಯೋಚನೆ ಹತ್ತಿರ ಬರುವುದಿಲ್ಲ.

ತೊಂದರೆ ಏನೆಂದರೆ, ಇಲ್ಲಿ ಎಷ್ಟೋ ಪತ್ತೇದಾರರು ಕುಡುಕರು. ರಾತ್ರಿ ಬಾಟಲಿ ಖಾಲಿ ಮಾಡಿ ಮಲಗುತ್ತಾರೆ. ಬೆಳಗ್ಗೆ ಮುಖಕ್ಕೆ ನೀರು ಹಾಕಿಕೊಂಡು ಹೊರಟರೆ, ಇಡೀ ಇಲಾಖೆಗೆ ಕಾಣದ ಸುಳಿವು ಇವರೊಬ್ಬರಿಗೇ ಕಾಣುತ್ತದೆ. ಕುಡಿಯುವುದರಿಂದಲೇ ಬುದ್ಧಿ ಚುರುಕಾಗುತ್ತದೇನೋ ಅನ್ನುವ ಹಾಗೆ. ನಾನು ಹದಿನಾಲ್ಕು ವರ್ಷ ಕುಡಿದವನು. ರಾತ್ರಿ ಬೈಕ್ ಎಲ್ಲಿ ನಿಲ್ಲಿಸಿದೆ, ಹೆಂಡತಿಗೆ ಏನಂದೆ ಅನ್ನುವುದೇ ಬೆಳಗ್ಗೆ ನೆನಪಿರುತ್ತಿರಲಿಲ್ಲ. ಪರದೆಯ ಮೇಲೆ ಅವನು ಗ್ಲಾಸ್ ಎತ್ತುವಾಗ ನನಗೆ ಎರಡು ಥರ ಸಂಕಟ. ಬಾಯಲ್ಲಿ ನೀರೂ ಬರುತ್ತದೆ, ಇದು ಸುಳ್ಳು ಅಂತ ಸಿಟ್ಟೂ ಬರುತ್ತದೆ.

ಕುಡಿತ ನಿಜವಾಗಿ ಹೇಗಿರುತ್ತದೋ ಹಾಗೇ ತೋರಿಸಿದ ಪತ್ತೇದಾರಿ ಸಿನಿಮಾಗಳು ಇದ್ದರೆ ಹೇಳಿ. ಯಾವ ಭಾಷೆಯದ್ದಾದರೂ ಸರಿ.

---

ಹಳೆಪ್ರೊಜೆಕ್ಟರ್:

ಮೊದಲಿಗೆ ಮೂರು ವರ್ಷ ನಾಲ್ಕು ತಿಂಗಳಿಗೆ ಕೈಮುಗಿದೆ ಸರ್. ಸಣ್ಣ ಮಾತಲ್ಲ ಅದು.

ಪತ್ತೇದಾರನ ಕೈಗೆ ಗ್ಲಾಸ್ ಬಂದದ್ದು ಹೇಗೆ ಅಂತ ಸ್ವಲ್ಪ ಹೇಳುತ್ತೇನೆ. ಅಮೆರಿಕದಲ್ಲಿ 1920ರಿಂದ 1933ರ ತನಕ ಪಾನನಿಷೇಧ ಇತ್ತು. 1933ರ ಡಿಸೆಂಬರ್‌ನಲ್ಲಿ ಅದು ಹೋಯಿತು. ಮುಂದಿನ ವರ್ಷವೇ 'ದಿ ಥಿನ್ ಮ್ಯಾನ್' ಬಂತು. ಗಂಡ ನಿಕ್ ಪತ್ತೇದಾರ, ಹೆಂಡತಿ ನೋರಾ ಶ್ರೀಮಂತೆ. ಗಂಡ ಆಗಲೇ ಎಷ್ಟು ಕುಡಿದಿದ್ದಾನೆ ಅಂತ ಅವಳು ಕೇಳುತ್ತಾಳೆ. ಇದು ಆರನೇ ಮಾರ್ಟಿನಿ ಅನ್ನುತ್ತಾನೆ. ಹಾಗಾದರೆ ನನಗೂ ಇನ್ನೈದು ತಂದು ಸಾಲಾಗಿ ಇಡಿ ಅಂತ ಅವಳು ಹೇಳುತ್ತಾಳೆ. ಹದಿಮೂರು ವರ್ಷ ಕದ್ದು ಕುಡಿದ ಜನಕ್ಕೆ ಅದು ಹಬ್ಬದ ಹಾಗಿತ್ತು. ಆ ಸಾಲಿನಲ್ಲಿ ಒಟ್ಟು ಆರು ಸಿನಿಮಾ ಬಂದವು, ಕೊನೆಯದು 1947ರಲ್ಲಿ.

ಕಥೆ ಬರೆದವರ ಬದುಕು ಮಾತ್ರ ಹಬ್ಬವಾಗಿರಲಿಲ್ಲ. 'ದಿ ಥಿನ್ ಮ್ಯಾನ್' ಕಾದಂಬರಿ ಬರೆದ ಡ್ಯಾಶಿಯಲ್ ಹ್ಯಾಮೆಟ್ ಪಿಂಕರ್ಟನ್ ಏಜೆನ್ಸಿಯಲ್ಲಿ ನಿಜವಾಗಿಯೂ ಪತ್ತೇದಾರರಾಗಿದ್ದವರು. ವಿಪರೀತ ಕುಡಿಯುತ್ತಿದ್ದರು. 1934ರ ಆ ಕಾದಂಬರಿಯೇ ಅವರ ಕೊನೆಯದು. 1961ರ ತನಕ ಬದುಕಿದ್ದರೂ ಇನ್ನೊಂದು ಕಾದಂಬರಿ ಹೊರಬರಲಿಲ್ಲ. ರೇಮಂಡ್ ಚಾಂಡ್ಲರ್ ಅವರನ್ನು ಕುಡಿತದ ಕಾರಣಕ್ಕೇ 1932ರಲ್ಲಿ ಪೆಟ್ರೋಲಿಯಂ ಕಂಪನಿಯ ಕೆಲಸದಿಂದ ತೆಗೆದರು. ಆಮೇಲೆ ಅವರು ಪತ್ತೇದಾರಿ ಕಥೆ ಬರೆಯಲು ಕೂತರು. ಮೊದಲ ಕಾದಂಬರಿ ಬಂದಾಗ ಅವರಿಗೆ 50 ವರ್ಷ.

1946ರ 'ದಿ ಬ್ಲೂ ಡಾಲಿಯಾ'ಗೆ ಚಿತ್ರಕಥೆ ಬರೆಯುವಾಗ ಚಾಂಡ್ಲರ್ ನಡುವೆ ನಿಂತುಬಿಟ್ಟರು. ನಾಯಕ ನಟ ಸೈನ್ಯಕ್ಕೆ ವಾಪಸ್ ಹೋಗಬೇಕಿತ್ತು, ದಿನ ಇರಲಿಲ್ಲ. ಕುಡಿದರೆ ಮಾತ್ರ ಮುಗಿಸಬಲ್ಲೆ ಅಂದರು. ನಿರ್ಮಾಪಕ ಜಾನ್ ಹೌಸ್‌ಮನ್ ಒಪ್ಪಿದರು. ಊಟ ಸೇರುತ್ತಿರಲಿಲ್ಲ, ವೈದ್ಯರು ಬಂದು ಗ್ಲೂಕೋಸ್ ಚುಚ್ಚುತ್ತಿದ್ದರು ಅಂತ ಹೌಸ್‌ಮನ್ ಅವರೇ ಬರೆದಿದ್ದಾರೆ. ಚಿತ್ರಕಥೆ ಮುಗಿಯಿತು, ಆಸ್ಕರ್‌ಗೆ ನಾಮನಿರ್ದೇಶನವೂ ಆಯಿತು. ಇದನ್ನು ಎಷ್ಟೋ ಜನ ಸಾಹಸದ ಕಥೆಯ ಹಾಗೆ ಹೇಳುತ್ತಾರೆ. ನನಗೆ ಓದಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

---

ತುಂಗಾತೀರ:

ನಮ್ಮದೇ 'ಕವಲುದಾರಿ' ಇದೆಯಲ್ಲ ಅಣ್ಣ. 2019, ಹೇಮಂತ್ ರಾವ್. ಪುನೀತ್ ಅವರ ಪಿಆರ್‌ಕೆ ಸಂಸ್ಥೆಯ ಮೊದಲ ಸಿನಿಮಾ. ನೆಲ ಅಗೆಯುವಾಗ ತಲೆಬುರುಡೆಗಳು ಸಿಗುತ್ತವೆ. ಟ್ರಾಫಿಕ್ ಪೊಲೀಸ್ ಶ್ಯಾಮ್ ಅದರ ಹಿಂದೆ ಬೀಳುತ್ತಾನೆ. ದಾರಿ 1977ಕ್ಕೆ ಹೋಗುತ್ತದೆ. ಆಗ ಆ ಕೇಸ್ ನೋಡಿಕೊಂಡಿದ್ದ ಮುತ್ತಣ್ಣ ಈಗ ನಿವೃತ್ತ, ಕುಡಿತದಲ್ಲಿ ಮುಳುಗಿದ ಮನುಷ್ಯ.

ಅನಂತ್ ನಾಗ್ ಇಲ್ಲಿ ತೂರಾಡುವುದಿಲ್ಲ, ನಾಲಿಗೆ ತೊದಲಿಸುವುದಿಲ್ಲ. ನಮ್ಮ ಸಿನಿಮಾದಲ್ಲಿ ಕುಡುಕ ಅಂದರೆ ಕಾಮಿಡಿ ಟ್ರ್ಯಾಕ್ ತಾನೇ? ಇವರು ಅದನ್ನು ಪೂರ್ತಿ ಬಿಟ್ಟಿದ್ದಾರೆ. ಯಾರ ಹತ್ತಿರವೂ ಮಾತು ಬೇಡ ಅನ್ನುವ ಸಿಡುಕು, ಕಣ್ಣಿನ ಆ ಆಯಾಸ, ಅಷ್ಟೇ. ನಮ್ಮ ದೊಡ್ಡಪ್ಪ ಹೀಗೇ ಇದ್ದರು. ಹೊರಗಿನವರಿಗೆ ಅವರು ಕುಡಿಯುತ್ತಾರೆ ಅಂತಲೇ ಗೊತ್ತಿರಲಿಲ್ಲ.

---

ಬೆಂದಕಾಳು:

ಕವಲುದಾರಿಗೆ ನನ್ನದೂ ಒಂದು ವೋಟು. ಮಲಯಾಳಂನ 'ಮೆಮೊರೀಸ್' ಕೂಡ ನೋಡಿ. 2013, ಜೀತು ಜೋಸೆಫ್. ಪೃಥ್ವಿರಾಜ್ ಸ್ಯಾಮ್ ಅಲೆಕ್ಸ್ ಅನ್ನುವ ಪೊಲೀಸ್ ಅಧಿಕಾರಿ. ಹೆಂಡತಿ ಮತ್ತು ಮಗಳನ್ನು ಕಳೆದುಕೊಂಡು ಹಗಲೂ ರಾತ್ರಿ ಕುಡಿಯುತ್ತಾನೆ. ಹೆಂಡತಿಯ ಪಾತ್ರದಲ್ಲಿ ನಮ್ಮ ಮೇಘನಾ ರಾಜ್ ಇದ್ದಾರೆ. ಸರಣಿ ಕೊಲೆಯ ಕೇಸ್ ಬರುತ್ತದೆ, ಹಿರಿಯ ಅಧಿಕಾರಿ ಒತ್ತಾಯ ಮಾಡಿ ಇವನನ್ನು ಎಳೆದು ತರುತ್ತಾರೆ. ಕಥೆ ತುಂಬ ಬಿಗಿ. ತಮಿಳಿನಲ್ಲಿ 'ಆರಾದು ಸಿನಂ' ಅಂತ 2016ರಲ್ಲಿ ಮತ್ತೆ ಮಾಡಿದರು.

---

ಸೋನೆಮಳೆ:

ನಾನು ಇಲ್ಲಿ ಜಾಸ್ತಿ ಬರೆಯುವವಳಲ್ಲ. ಆದರೆ ಇದನ್ನು ಓದಿ ಸುಮ್ನೆ ಇರಲು ಆಗಲಿಲ್ಲ.

ನೀವು ಹೇಳಿದ ಎರಡೂ ಸಿನಿಮಾ ನೋಡಿದ್ದೇನೆ. ಎರಡೂ ಇಷ್ಟವೇ. ಆದರೆ ಒಂದು ವಿಷಯ ಗಮನಿಸಿ. ಸಿನಿಮಾದಲ್ಲಿ ಕುಡುಕ ಪತ್ತೇದಾರನ ಹೆಂಡತಿ ಸತ್ತಿರುತ್ತಾಳೆ. ಮುತ್ತಣ್ಣನ ಹೆಂಡತಿ ಇಲ್ಲ. ಸ್ಯಾಮ್ ಅಲೆಕ್ಸ್‌ನ ಹೆಂಡತಿ ಇಲ್ಲ. ಅವಳು ಸತ್ತದ್ದಕ್ಕೇ ಅವನು ಕುಡಿಯುತ್ತಾನೆ. ಹಾಗಾಗಿ ಅವನ ಕುಡಿತ ನಮಗೆ ಪ್ರೀತಿಯ ಹಾಗೆ ಕಾಣುತ್ತದೆ. ಎಷ್ಟು ಕುಡಿದನೋ ಅಷ್ಟು ಪ್ರೀತಿಸಿದ್ದ ಅನ್ನುವ ಹಾಗೆ.

ನಾನು ಬದುಕಿದ್ದೇನೆ. ನನ್ನ ಗಂಡ ನಾನು ಇರುವಾಗಲೇ ಹನ್ನೊಂದು ವರ್ಷ ಕುಡಿದರು. ರಾತ್ರಿ ಹನ್ನೆರಡಕ್ಕೆ ಗೇಟಿನ ಚಿಲಕ ಅಲ್ಲಾಡಿಸುವ ಸದ್ದಿನಲ್ಲೇ ಇವತ್ತು ಎಷ್ಟು ಕುಡಿದಿದ್ದಾರೆ ಅಂತ ನನಗೆ ಗೊತ್ತಾಗುತ್ತಿತ್ತು. ಸಂಬಳದ ದಿನ ಅವರ ಶರ್ಟಿನ ಜೇಬು, ಪ್ಯಾಂಟಿನ ಜೇಬು, ಬೈಕಿನ ಡಿಕ್ಕಿ, ಅಕ್ಕಿ ಡಬ್ಬದ ಹಿಂದೆ, ಎಲ್ಲ ಹುಡುಕುತ್ತಿದ್ದೆ. ಸುಳಿವು ಹುಡುಕುವ ಕೆಲಸ ನಮ್ಮ ಮನೆಯಲ್ಲಿ ಮಾಡುತ್ತಿದ್ದವಳು ನಾನು. ಅಂಥ ಹೆಂಗಸು ಇರುವ ಸಿನಿಮಾ ಯಾವುದು?

---

ಕೆಂಪುಹಂಚು:

ಅಕ್ಕ, ನಿಮ್ಮ ಮಾತು ಓದಿ ಫೋನ್ ಕೆಳಗಿಟ್ಟು ಸ್ವಲ್ಪ ಹೊತ್ತು ಹೊರಗೆ ಹೋಗಿ ಬಂದೆ. ನಾನೂ ಅಕ್ಕಿ ಡಬ್ಬದ ಹಿಂದೆಯೇ ಇಡುತ್ತಿದ್ದೆ.

---

ರಾತ್ರಿಪಾಳಿ:

ನಾನು ನರ್ಸ್. ಕುಡಿತ ಬಿಡಿಸುವ ವಾರ್ಡಿನಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದ್ದೇನೆ. ಸೋನೆಮಳೆ ಅವರ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಸಿನಿಮಾಗಳು ತಪ್ಪಾಗಿ ತೋರಿಸುವ ಒಂದು ವಿಷಯ ಮೊದಲು ಹೇಳಲೇಬೇಕು, ಯಾಕೆಂದರೆ ಅದು ಅಪಾಯದ್ದು.

ನಾಯಕ ಒಂದು ದಿನ ಮನಸ್ಸು ಗಟ್ಟಿ ಮಾಡುತ್ತಾನೆ. ಬಾಟಲಿ ಸಿಂಕಿಗೆ ಸುರಿಯುತ್ತಾನೆ. ಕನ್ನಡಿ ನೋಡಿಕೊಳ್ಳುತ್ತಾನೆ, ಗಡ್ಡ ತೆಗೆಯುತ್ತಾನೆ, ಮುಂದಿನ ದೃಶ್ಯದಲ್ಲಿ ಪಿಸ್ತೂಲು ಹಿಡಿದು ಓಡುತ್ತಾನೆ. ವರ್ಷಗಟ್ಟಲೆ ದಿನವೂ ಕುಡಿದ ದೇಹ ಹಾಗೆ ನಡೆದುಕೊಳ್ಳುವುದಿಲ್ಲ. ನಿಲ್ಲಿಸಿದ ಕೆಲವೇ ಗಂಟೆಗಳಲ್ಲಿ ಕೈ ನಡುಕ, ಬೆವರು, ವಾಂತಿ ಶುರು. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಡೆಲಿರಿಯಂ ಟ್ರೆಮೆನ್ಸ್ ಬರುತ್ತದೆ. ಎಲ್ಲಿದ್ದೇವೆ ಅಂತ ತಿಳಿಯುವುದಿಲ್ಲ. ಗೋಡೆಯ ಮೇಲೆ ಹುಳ ಹರಿದ ಹಾಗೆ ಕಾಣುತ್ತದೆ. ಚಿಕಿತ್ಸೆ ಇಲ್ಲದಿದ್ದರೆ ಜೀವ ಹೋಗಬಹುದು. ದಿನಾ ಜಾಸ್ತಿ ಕುಡಿಯುವವರು ಒಮ್ಮೆಗೇ ನಿಲ್ಲಿಸಬಾರದು, ವೈದ್ಯರ ಕಣ್ಣೆದುರೇ ನಿಲ್ಲಿಸಬೇಕು. ಇಲ್ಲಿ ಓದುತ್ತಿರುವ ಯಾರಿಗಾದರೂ ಬೇಕಾದರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೂ ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗ ಇದೆ.

ಇನ್ನೊಂದು. ಮೇಲೆ ಹಳೆಪ್ರೊಜೆಕ್ಟರ್ ಸರ್ ಗ್ಲೂಕೋಸ್ ವಿಷಯ ಬರೆದರಲ್ಲ. ಊಟ ಬಿಟ್ಟು ಕುಡಿಯುವವರಲ್ಲಿ ಬಿ1 ವಿಟಮಿನ್ ಬರಿದಾಗಿರುತ್ತದೆ. ಅದು ಹೀಗೇ ಮುಂದುವರಿದರೆ ಮಿದುಳಿಗೆ ಏಟು. ಹೊಸ ನೆನಪು ಉಳಿಯದ ಸ್ಥಿತಿಗೆ ಹೋದವರನ್ನು ನಾನೇ ನೋಡಿಕೊಂಡಿದ್ದೇನೆ. ಬೆಳಗ್ಗೆ ಹೆಸರು ಹೇಳಿದರೆ ಮಧ್ಯಾಹ್ನಕ್ಕೆ ಮತ್ತೆ ಕೇಳುತ್ತಾರೆ. ನಡುವೆ ಖಾಲಿ ಇರುವ ಜಾಗಕ್ಕೆ ಕಥೆ ಕಟ್ಟಿ ತುಂಬುತ್ತಾರೆ. ಸುಳ್ಳು ಹೇಳಬೇಕು ಅಂತಲ್ಲ, ಅವರಿಗೆ ಅದು ನಿಜವೇ. ಸಾಕ್ಷಿ, ನೆನಪು, ಹೇಳಿಕೆ ಇವುಗಳ ಮೇಲೇ ನಿಂತ ಪತ್ತೇದಾರಿ ಕಥೆಗೆ ಇದಕ್ಕಿಂತ ಒಳ್ಳೆಯ ವಸ್ತು ಎಲ್ಲಿ ಸಿಗುತ್ತದೆ ಹೇಳಿ? ಆದರೂ ಕುಡಿತ ನೆನಪನ್ನು ತಿನ್ನುತ್ತದೆ ಅನ್ನುವುದನ್ನೇ ಕಥೆಯ ಗಂಟು ಮಾಡಿಕೊಂಡ ಸಿನಿಮಾ ನನಗೆ ಸಿಕ್ಕಿದ್ದು ಒಂದೇ.

'ದಿ ಗರ್ಲ್ ಆನ್ ದ ಟ್ರೈನ್', 2016. ಎಮಿಲಿ ಬ್ಲಂಟ್. (ಮುಂದೆ ಸಸ್ಪೆನ್ಸ್ ಹೇಳುತ್ತಿದ್ದೇನೆ. ನೋಡಬೇಕು ಅಂದುಕೊಂಡವರು ಇಲ್ಲಿಗೇ ನಿಲ್ಲಿಸಿ.)

ರೇಚಲ್ ಪೊಲೀಸ್ ಅಲ್ಲ. ಗಂಡ ಬಿಟ್ಟ ಹೆಂಗಸು. ದಿನಾ ರೈಲಿನಲ್ಲಿ ಹೋಗುತ್ತಾ ಕಿಟಕಿಯಿಂದ ಒಂದು ಮನೆ ನೋಡುತ್ತಾಳೆ. ಆ ಮನೆಯ ಹುಡುಗಿ ಕಾಣೆಯಾಗುತ್ತಾಳೆ. ಆ ರಾತ್ರಿ ತಾನು ಅಲ್ಲೇ ಇದ್ದೆ ಅಂತ ಇವಳಿಗೆ ಗೊತ್ತು, ಏನಾಯಿತು ಅಂತ ಗೊತ್ತಿಲ್ಲ. ಇದಕ್ಕೆ ಬ್ಲ್ಯಾಕ್‌ಔಟ್ ಅನ್ನುತ್ತೇವೆ. ಪ್ರಜ್ಞೆ ತಪ್ಪಿ ಬೀಳುವುದಲ್ಲ ಅದು. ಮನುಷ್ಯ ನಡೆಯುತ್ತಾನೆ, ಮಾತಾಡುತ್ತಾನೆ, ಜಗಳವನ್ನೂ ಆಡುತ್ತಾನೆ. ಮಿದುಳು ಮಾತ್ರ ಅದನ್ನು ನೆನಪಾಗಿ ಬರೆದಿಡುತ್ತಿರುವುದಿಲ್ಲ. ಬರೆಯದೇ ಇದ್ದದ್ದನ್ನು ಆಮೇಲೆ ಓದಲು ಆಗುತ್ತಾ? ಹಾಗಾಗಿ ಪೂರ್ತಿ ಬ್ಲ್ಯಾಕ್‌ಔಟ್ ಆಗಿದ್ದರೆ ಆ ನೆನಪು ಮರಳಿ ಬರುವುದೇ ಇಲ್ಲ. ಅರ್ಧಂಬರ್ಧ ಆಗಿದ್ದರೆ ತುಂಡು ತುಂಡಾಗಿ ಬರಬಹುದು. ಸಿನಿಮಾ ಇಲ್ಲಿ ಸ್ವಲ್ಪ ಜಾಸ್ತಿಯೇ ವಾಪಸ್ ತರಿಸುತ್ತದೆ, ಅದನ್ನು ಬಿಟ್ಟುಬಿಡಿ. ಆ ಖಾಲಿ ಜಾಗವನ್ನು ಗಂಡ ತನಗೆ ಬೇಕಾದ ಹಾಗೆ ತುಂಬಿದ್ದ ಅನ್ನುವುದೇ ಕಥೆ. ನೀನು ಪಾರ್ಟಿಯಲ್ಲಿ ಗಲಾಟೆ ಮಾಡಿದೆ, ನಿನ್ನಿಂದ ನನ್ನ ಕೆಲಸ ಹೋಯಿತು ಅಂತ ಅವನು ಹೇಳಿದ್ದೇ ಇವಳಿಗೆ ಸತ್ಯ. ಒಂದು ದಿನ ಅವನ ಹಳೆಯ ಬಾಸ್‌ನ ಹೆಂಡತಿ ರೈಲಿನಲ್ಲಿ ಸಿಗುತ್ತಾಳೆ. ರೇಚಲ್ ಕ್ಷಮೆ ಕೇಳಲು ಹೋದರೆ ಅವಳಿಗೆ ಆಶ್ಚರ್ಯ. ನೀನು ಏನೂ ಮಾಡಲೇ ಇಲ್ಲವಲ್ಲ ಅನ್ನುತ್ತಾಳೆ. ನಮ್ಮ ವಾರ್ಡಿನಲ್ಲಿ ಹೆಂಗಸರು ಕಡಿಮೆ. ಬಂದವರಲ್ಲಿ ಇಬ್ಬರಾದರೂ ನನಗೆ ಇದೇ ಥರದ ಕಥೆ ಹೇಳಿದ್ದಾರೆ.

---

ಬೆಂದಕಾಳು:

ಮೇಡಂ, ತುಂಬ ಥ್ಯಾಂಕ್ಸ್. ಒಂದು ಮಾತು ಮಾತ್ರ ಒಪ್ಪಲು ಆಗುತ್ತಿಲ್ಲ, ಅದು ಸೋನೆಮಳೆ ಅವರದ್ದು. ದುಃಖಕ್ಕೆ ಕುಡಿಯುವವರು ಇಲ್ಲವೇ ಇಲ್ಲ ಅಂತಲ್ಲ ಅಲ್ವಾ? ನನ್ನ ಸ್ನೇಹಿತನ ತಮ್ಮ ಅಪಘಾತದಲ್ಲಿ ಹೋದ ಮೇಲೆಯೇ ಅವನ ಕುಡಿತ ಕೈ ಮೀರಿದ್ದು. ಮೆಮೊರೀಸ್ ನೋಡಿದಾಗ ನನಗೆ ನೆನಪಾದವನು ಅವನು. ಅಂಥ ಕಥೆಯೂ ನಿಜವೇ.

---

ಸೋನೆಮಳೆ:

ನಿಜವೇ. ನಿಮ್ಮ ಸ್ನೇಹಿತರ ವಿಷಯಕ್ಕೆ ನಾನು ಏನೂ ಅನ್ನುವುದಿಲ್ಲ. ನನ್ನ ಸಂಕಟ ಬೇರೆ. ಕಾರಣ ಇರುವ ಕುಡಿತವನ್ನೇ ಸಿನಿಮಾ ತೋರಿಸುತ್ತಾ ಹೋದರೆ, ಮನೆಗೆ ಬಂದವರೆಲ್ಲ ನಮ್ಮಂಥವರ ಹತ್ತಿರ ಕಾರಣ ಕೇಳುತ್ತಾರೆ. ನಮ್ಮ ಅತ್ತೆ ನನ್ನನ್ನೇ ಕೇಳಿದರು, "ಅವನಿಗೆ ನೀನು ಏನು ಕಡಿಮೆ ಮಾಡಿದೀಯಾ?" ಅಂತ. ಕಾರಣ ಏನೂ ಇರಲಿಲ್ಲ. ಶುಕ್ರವಾರ ಕುಡಿಯುತ್ತಿದ್ದವರು ಗುರುವಾರವೂ ಕುಡಿದರು, ಆಮೇಲೆ ಬುಧವಾರವೂ.

---

ಎಂಟನೇಅಡ್ಡರಸ್ತೆ:

ಕಾರಣ ಏನೂ ಇಲ್ಲದ ಕುಡಿತ ಅಂದಾಗ ನನಗೆ ಮ್ಯಾಟ್ ಸ್ಕಡರ್ ನೆನಪಾದ. ಲಾರೆನ್ಸ್ ಬ್ಲಾಕ್ ಬರೆದ ಪಾತ್ರ, ನ್ಯೂಯಾರ್ಕ್‌ನ ಮಾಜಿ ಪೊಲೀಸ್. ಅವನ ಮೇಲೆ ಎರಡು ಸಿನಿಮಾ ಇವೆ.

ಮೊದಲನೆಯದು '8 ಮಿಲಿಯನ್ ವೇಸ್ ಟು ಡೈ', 1986. ಹ್ಯಾಲ್ ಆಶ್ಬಿ ಅವರ ಕೊನೆಯ ಸಿನಿಮಾ. ಎಡಿಟಿಂಗ್ ಅವರ ಕೈಯಿಂದ ಕಿತ್ತುಕೊಂಡರು, ಕಥೆಯನ್ನು ನ್ಯೂಯಾರ್ಕ್‌ನಿಂದ ಲಾಸ್ ಏಂಜಲೀಸ್‌ಗೆ ಎತ್ತಿ ಹಾಕಿದರು. ಜೆಫ್ ಬ್ರಿಜಸ್ ಚೆನ್ನಾಗಿ ಮಾಡಿದ್ದಾರೆ, ಸಿನಿಮಾ ಮಾತ್ರ ಅಲ್ಲಲ್ಲಿ ಹರಿದುಹೋಗಿದೆ.

ಕೆಂಪುಹಂಚು ಅವರಿಗೆ ನಾನು ಹೇಳುವುದು ಎರಡನೆಯದು. 'ಎ ವಾಕ್ ಅಮಂಗ್ ದ ಟೂಂಬ್‌ಸ್ಟೋನ್ಸ್', 2014, ಲಿಯಾಮ್ ನೀಸನ್. ಕಥೆ ಶುರುವಾಗುವುದು 1991ರಲ್ಲಿ. ಸ್ಕಡರ್ ಬಾರ್‌ನಲ್ಲಿ ಕೂತಿದ್ದಾನೆ. ದರೋಡೆಕೋರರು ನುಗ್ಗುತ್ತಾರೆ. ಇವನು ರಸ್ತೆಗೆ ಓಡಿಬಂದು ಅವರನ್ನು ಹೊಡೆದುರುಳಿಸುತ್ತಾನೆ. ನೋಡುವವರಿಗೆ ಹೀರೋ ಪ್ರವೇಶದ ಹಾಗೆ. ಮುಂದೆ ಕಥೆ 1999ಕ್ಕೆ ಹೋಗುತ್ತದೆ. ಈಗ ಅವನು ಕುಡಿಯುತ್ತಿಲ್ಲ. ಕುಡಿತ ಬಿಡುವವರು ಸೇರುವ ಆಲ್ಕೊಹಾಲಿಕ್ಸ್ ಅನಾನಿಮಸ್ ಮೀಟಿಂಗ್‌ಗೆ ಹೋಗುತ್ತಾನೆ. (ಇಲ್ಲಿಂದ ಸಸ್ಪೆನ್ಸ್.) ಆ ದಿನ ಅವನ ಒಂದು ಗುಂಡು ಪುಟ್ಟ ಹುಡುಗಿಗೆ ತಗುಲಿತ್ತು ಅನ್ನುವುದು ನಮಗೆ ತುಂಬ ತಡವಾಗಿ ತಿಳಿಯುತ್ತದೆ. ಅವನು ಆವತ್ತು ಕುಡಿದಿದ್ದ. ಹುಡುಗಿ ಸತ್ತದ್ದಕ್ಕೆ ಅವನು ಕುಡಿಯಲು ಶುರು ಮಾಡಲಿಲ್ಲ. ಕುಡಿದದ್ದಕ್ಕೆ ಅವಳು ಸತ್ತಳು. ಆಮೇಲೆ ಬಿಟ್ಟ. ಸೋನೆಮಳೆ ಅಕ್ಕ, ನೀವು ಹೇಳಿದ್ದನ್ನು ಇಲ್ಲಿ ತಿರುಗಿಸಿ ಇಟ್ಟಿದ್ದಾರೆ ನೋಡಿ.

ಕೊನೆಯಲ್ಲಿ ಸ್ಮಶಾನದಲ್ಲಿ ಗುಂಡಿನ ಚಕಮಕಿ ನಡೆಯುತ್ತದೆ. ಅದರ ಮೇಲೆ, ಕುಡಿತ ಬಿಡಲು ಆ ಮೀಟಿಂಗ್‌ನಲ್ಲಿ ಹೇಳಿಕೊಡುವ ಹನ್ನೆರಡು ಮೆಟ್ಟಿಲುಗಳನ್ನು ಒಬ್ಬರು ಓದುವ ದನಿ. ಕೆಲವರಿಗೆ ಅದು ಅತಿ ಅನ್ನಿಸಿದೆ. ನನಗೆ ಹಾಗನ್ನಿಸಲಿಲ್ಲ. ಮೀಟಿಂಗ್ ಮುಗಿಸಿ ಹೊರಗೆ ಬಂದ ಮೇಲೂ ಆ ಸಾಲುಗಳು ತಲೆಯಲ್ಲಿ ಓಡುತ್ತಲೇ ಇರುತ್ತವೆ. ನಾನು ಬಿಟ್ಟು ಆರು ವರ್ಷ.

---

ಕೆಂಪುಹಂಚು:

ಆರು ವರ್ಷ! ಗೊತ್ತೇ ಇರಲಿಲ್ಲ ಅಣ್ಣ. ಆ ಸಾಲುಗಳು ಓಡುವುದು ನನಗೂ ಗೊತ್ತು. ಸಿಗ್ನಲ್‌ನಲ್ಲಿ ಬೈಕ್ ನಿಲ್ಲಿಸಿದಾಗ, ಎದುರಿಗೆ ಬಾರ್ ಬೋರ್ಡ್ ಕಂಡಾಗ.

---

ತುಂಗಾತೀರ:

ಬಂಗಾಳಿಯ 'ಬೈಶೆ ಸ್ರಾಬೋನ್' ಬಗ್ಗೆ ಯಾರೂ ಹೇಳಲಿಲ್ಲ. 2011, ಸೃಜಿತ್ ಮುಖರ್ಜಿ. ಕೊಲ್ಕತ್ತಾದಲ್ಲಿ ಸರಣಿ ಕೊಲೆ, ಹೆಣದ ಪಕ್ಕ ಕವಿತೆಯ ಸಾಲು. ಅಮಾನತಾದ ಪೊಲೀಸ್ ಅಧಿಕಾರಿ ಪ್ರಬೀರ್ ಆಗಿ ಪ್ರೊಸೆನ್‌ಜಿತ್. ಬಾಯಿ ತುಂಬ ಬೈಗುಳ, ಕೈಯಲ್ಲಿ ಗ್ಲಾಸ್. ಕೊನೆ ಹೇಳುವುದಿಲ್ಲ. ಕುಡಿದು ಹಾಳಾದ ಜಾಣ ಪೊಲೀಸ್ ಅಂದ ಕೂಡಲೇ ನಮಗೆ ಕನಿಕರ ಬರುತ್ತದಲ್ಲ, ಆ ಕನಿಕರವನ್ನೇ ನಿರ್ದೇಶಕರು ಬಳಸಿಕೊಂಡಿದ್ದಾರೆ ಅಂತ ಮಾತ್ರ ಹೇಳುತ್ತೇನೆ.

---

ಹಳೆಪ್ರೊಜೆಕ್ಟರ್:

ಸೋನೆಮಳೆ ಅವರು ಕೇಳಿದ ಸಿನಿಮಾವನ್ನು ನಾಲ್ಕು ದಿನದಿಂದ ಹುಡುಕುತ್ತಿದ್ದೇನೆ. ಮನೆಯಲ್ಲಿ ಕುಡುಕನ ಜೊತೆ ಬದುಕುತ್ತಿರುವವರು ಇರಬೇಕು, ಬರೀ ಫೋಟೋದಲ್ಲಿ ಅಲ್ಲ. ಸ್ವಲ್ಪ ಹತ್ತಿರ ಬರುವುದು 'ದಿ ನೈಸ್ ಗೈಸ್', 2016. ಅಲ್ಲೂ ಪತ್ತೇದಾರನ ಹೆಂಡತಿ ಸತ್ತಿದ್ದಾಳೆ, ಆದರೆ ಮಗಳು ಇದ್ದಾಳೆ. ಹದಿಮೂರರ ಹುಡುಗಿ ಹಾಲಿ. ಅಪ್ಪ ಕುಡಿದಿದ್ದರೆ ಕಾರು ಓಡಿಸುವವಳು ಅವಳು. ಸುಳಿವು ಹುಡುಕುವುದರಲ್ಲೂ ಅಪ್ಪನಿಗಿಂತ ಅವಳೇ ಚುರುಕು. ಅಪ್ಪನನ್ನು ಅವಳು ನೋಡುವ ನೋಟ ನಿಮಗೆ ಅರ್ಥವಾಗುತ್ತದೆ. ಆದರೆ ಕೆಂಪುಹಂಚು ಸರ್, ನೀವು ಇದನ್ನು ಸದ್ಯಕ್ಕೆ ನೋಡಬೇಡಿ. ಕೊನೆಯಲ್ಲಿ ಕುಡಿತ ಬಿಟ್ಟಿದ್ದ ಇನ್ನೊಬ್ಬ ಮತ್ತೆ ಗ್ಲಾಸ್ ಹಿಡಿಯುತ್ತಾನೆ, ಅದನ್ನು ನಗುವಿಗೆ ಬಿಟ್ಟಿದ್ದಾರೆ. ನನಗೆ ಅದು ಹಿಡಿಸಲಿಲ್ಲ.

ನಿಮಗೆ ಮಗಳಿದ್ದಾಳೆ ಅಂದಿರಿ. ಅವಳ ಜೊತೆ 'ಹೂ ಫ್ರೇಮ್ಡ್ ರಾಜರ್ ರ‍್ಯಾಬಿಟ್' ನೋಡಿ. 1988ರದ್ದು. ಕಾರ್ಟೂನು ಪಾತ್ರಗಳೂ ಮನುಷ್ಯರೂ ಒಟ್ಟಿಗೆ ಬದುಕುವ 1947ರ ಹಾಲಿವುಡ್. ಪತ್ತೇದಾರ ಎಡ್ಡಿಯ ಅಣ್ಣತಮ್ಮಂದಿರಲ್ಲಿ ಒಬ್ಬನನ್ನು ಕಾರ್ಟೂನೊಂದು ಕೊಂದಿದೆ, ಅಂದಿನಿಂದ ಅವನು ಕುಡುಕ. ಹೌದು, ಇಲ್ಲೂ ಸಾವಿನ ಕಾರಣವೇ. ಆದರೆ ಕಾರ್ಟೂನು ಊರಿನ ಸುರಂಗದ ಬಾಯಲ್ಲಿ ಅವನು ಕಾರು ನಿಲ್ಲಿಸುವ ದೃಶ್ಯ ಇದೆ. ಕೈಯಲ್ಲಿ ವಿಸ್ಕಿ. ಒಳಗೆ ಹೋಗಲು ಭಯ. ಕುಡಿಯಲೋ ಬೇಡವೋ ಅಂತ ನೋಡುತ್ತಾನೆ. ಆಮೇಲೆ ನೆಲಕ್ಕೆ ಸುರಿಯುತ್ತಾನೆ. ಬಾಬ್ ಹಾಸ್ಕಿನ್ಸ್ ಅವರ ಮುಖ ನೋಡಿ ಅಲ್ಲಿ. ಮಕ್ಕಳ ಸಿನಿಮಾ ಅಂತ ಒಂದು ಚೂರೂ ಕಡಿಮೆ ಮಾಡಿಲ್ಲ.

---

ರಾತ್ರಿಪಾಳಿ:

ಸೋನೆಮಳೆ ಅವರೇ, ನಿಮ್ಮ ಪ್ರಶ್ನೆಗೆ ಬರುತ್ತೇನೆ ಅಂದಿದ್ದೆ. ನನಗೂ ಪೂರ್ತಿ ಅಂಥ ಸಿನಿಮಾ ಸಿಗಲಿಲ್ಲ. ಬ್ರಿಟನ್ನಿನ ಟಿವಿ ಧಾರಾವಾಹಿ 'ಪ್ರೈಮ್ ಸಸ್ಪೆಕ್ಟ್' ಒಂದಿದೆ. 1991ರಲ್ಲಿ ಶುರುವಾಗಿ 2006ರಲ್ಲಿ ಮುಗಿಯಿತು. ಹೆಲೆನ್ ಮಿರನ್ ಮಾಡಿದ ಜೇನ್ ಟೆನಿಸನ್, ಪೊಲೀಸ್ ಅಧಿಕಾರಿ. ಕೊನೆಯ ಕಥೆಯಲ್ಲಿ ಅವಳೇ ಕುಡಿತಕ್ಕೆ ಸಿಕ್ಕಿಬಿದ್ದಿದ್ದಾಳೆ, ನಿವೃತ್ತಿ ಹತ್ತಿರ ಇದೆ, ತಂದೆ ಸಾಯುತ್ತಿದ್ದಾರೆ. ಮೀಟಿಂಗ್‌ಗೆ ಹೋದರೆ ಅಲ್ಲಿ ಅವಳನ್ನು ಹಿಂದೆ ಗೋಳು ಹೊಯ್ದುಕೊಂಡಿದ್ದ ಸಹೋದ್ಯೋಗಿ ಕೂತಿದ್ದಾನೆ. ಹೆಂಗಸು ಕುಡಿದರೆ ಮುಚ್ಚಿಡುವುದು ಎಷ್ಟು ದೊಡ್ಡ ಕೆಲಸ ಅಂತ ಅದರಲ್ಲಿ ಕಾಣುತ್ತದೆ. ನಿಮ್ಮ ಕಥೆ ಅದಲ್ಲ. ಆದರೂ ನೋಡಿ.

ನಿಮ್ಮ ಕಥೆಯನ್ನು ನೀವೇ ಬರೆದಿಡಿ. ಗೇಟಿನ ಚಿಲಕದ ಸದ್ದು, ಅಕ್ಕಿ ಡಬ್ಬ, ಎಲ್ಲ. ನಾನು ಓದುತ್ತೇನೆ.

---

ಕೆಂಪುಹಂಚು:

ಶನಿವಾರ ರಾಜರ್ ರ‍್ಯಾಬಿಟ್ ನೋಡಿದೆವು. ಮಗಳಿಗೆ ಒಂಬತ್ತು ವರ್ಷ. ಮೊಲ ಕುಣಿದಾಗಲೆಲ್ಲ ಬಿದ್ದು ಬಿದ್ದು ನಕ್ಕಳು. ಸುರಂಗದ ದೃಶ್ಯ ಬಂದಾಗ ನನ್ನ ಕೈ ತಣ್ಣಗಾಗಿತ್ತು. ಅವಳು ತಿರುಗಿ ನೋಡಿ, "ಅಪ್ಪಾ, ನೀನೂ ಹೀಗೇ ಚೆಲ್ಲಿದ್ಯಾ?" ಅಂದಳು.

ಅವಳಿಗೆ ಇದೆಲ್ಲ ಗೊತ್ತಿದೆ ಅಂತ ನಾನು ಅಂದುಕೊಂಡೇ ಇರಲಿಲ್ಲ. ಇಲ್ಲ ಪುಟ್ಟಿ, ಅಮ್ಮ ಚೆಲ್ಲುತ್ತಿದ್ದಳು ಅಂದೆ. "ಎಷ್ಟು ಸಲ?" ಅಂತ ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ. ನನ್ನ ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು ಒಳಗೆ ಬಂದು ನಮ್ಮ ಪಕ್ಕ ಕೂತಳು. ಮದುವೆಯಾದ ಮೇಲೆ ಒಂದು ಸಿನಿಮಾವನ್ನು ಕೊನೆಯ ತನಕ ಒಟ್ಟಿಗೆ ಕೂತು ನೋಡಿದ್ದು ಇದೇ ಮೊದಲು ಅಂತ ಆಮೇಲೆ ಅವಳು ಹೇಳಿದಳು.

ಮುಂದಿನ ವಾರ ಸ್ಕಡರ್. ಮಗಳು ಮಲಗಿದ ಮೇಲೆ, ನಾವಿಬ್ಬರೇ.

---

ಸೋನೆಮಳೆ:

ಅವರಿಗೆ ನನ್ನ ನಮಸ್ಕಾರ ಹೇಳಿ.

---

ಎಂಟನೇಅಡ್ಡರಸ್ತೆ:

ಸ್ಕಡರ್ ನೋಡುವ ಮುಂಚೆ ಒಂದು ಮಾತು ತಮ್ಮಾ. ಮೊದಲ ದೃಶ್ಯ ಬಾರ್‌ನಲ್ಲೇ ಇದೆ. ಅವನ ಮುಂದೆ ಗ್ಲಾಸ್ ಹತ್ತಿರದಿಂದ ಕಾಣುತ್ತದೆ. ಬೇಡ ಅನ್ನಿಸಿದರೆ ಅದನ್ನು ದಾಟಿಸಿ ಮುಂದಕ್ಕೆ ಹಾಕಿ. ಹೆಂಗಸರಿಗೆ ಆಗುವ ಹಿಂಸೆಯ ದೃಶ್ಯಗಳೂ ಇವೆ, ತುಂಬ ಕಷ್ಟದವು. ಮನೆಯವರಿಗೆ ಮೊದಲೇ ಹೇಳಿಬಿಡಿ. ಆ ರಾತ್ರಿ ನಿದ್ದೆ ಬರದಿದ್ದರೆ ನನಗೆ ಮೆಸೇಜ್ ಹಾಕಿ, ನಾನು ಹನ್ನೆರಡರ ತನಕ ಎದ್ದಿರುತ್ತೇನೆ.